ಕತ್ತಲೆಕಾನಿನ ರಾಂಪತ್ರೆ ಜಡ್ಡಿಯಲ್ಲಿ ಒಂದು ದಿನ: ನಾನು ಜನರನ್ನು ಕರೆದೊಯ್ಯುವ ಬಗೆ

ರಾಂಪತ್ರೆ ಜಡ್ಡಿ ಎಂದರೆ ಜಾಯಿಕಾಯಿಯ ನೆಂಟ ಮರಗಳು ಬೆಳೆಯುವ ಕಾಡಿನ ಜೌಗು. ಅಲ್ಲಿಗೆ ನಡಿಗೆ ಎರಡೂವರೆ ಕಿಲೋಮೀಟರ್, ಹಿಡಿಯುವುದು ಐದು ತಾಸು. ಬರುವವರಿಗೆ ಈ ಲೆಕ್ಕವನ್ನು ಫೋನಿನಲ್ಲೇ ಹೇಳಿಬಿಡುತ್ತೇನೆ. "ಅಷ್ಟೇನಾ?" ಎಂದು ಕೇಳುವವರಿಗೆ ಕುದುರೆಮುಖದ ದಾರಿ ತೋರಿಸುವುದು ಒಳ್ಳೆಯದು. ಇಲ್ಲಿ ಬಿರಬಿರನೆ ನಡೆದರೆ ಹಸಿರು ಬಿಟ್ಟು ಮತ್ತೇನೂ ಕಾಣುವುದಿಲ್ಲ.

ಕತ್ತಲೆಕಾನು ಇರುವುದು ಸಿದ್ದಾಪುರ ತಾಲ್ಲೂಕಿನಲ್ಲಿ. ಮಾವಿನಗುಂಡಿ ದಾಟಿ ಹೊನ್ನಾವರದ ಕಡೆ ಘಟ್ಟ ಇಳಿಯುವಾಗ ಸಿಗುವ ಮಲೆಮನೆ ಭಾಗದ ಕಾಡು ಇದು. ಸಿಂಗಳೀಕಗಳಿಗಾಗಿ 2011ರಲ್ಲಿ ಅಘನಾಶಿನಿ ಸಂರಕ್ಷಣಾ ಮೀಸಲು ಘೋಷಣೆಯಾಯಿತು. 2019ರಲ್ಲಿ ಅದು ಶರಾವತಿ ಕಣಿವೆಯ ಅಭಯಾರಣ್ಯದ ಜೊತೆ ಸೇರಿತು. ಹಾಗಾಗಿ ಅರಣ್ಯ ಇಲಾಖೆಯ ಪರವಾನಗಿ ಕೈಗೆ ಬರುವವರೆಗೆ ದಿನಾಂಕ ನಿಗದಿ ಮಾಡುವುದಿಲ್ಲ. ಒಮ್ಮೆಗೆ ಎಂಟು ಜನ, ಅದಕ್ಕಿಂತ ಒಬ್ಬರೂ ಹೆಚ್ಚಿಲ್ಲ. ಮುಂದೆ ನಾನು, ಕೊನೆಗೆ ಊರಿನವರೊಬ್ಬರು. ಎಂಟು ದಾಟಿದರೆ ನಾನು ಪಿಸುಗುಟ್ಟಿದ ಮಾತು ಬಾಲದವರೆಗೆ ಹೋಗುವುದಿಲ್ಲ, ಕೂಗಿದರೆ ಕಾಡು ಖಾಲಿ.

ಒಳ್ಳೆಯ ಕಾಲವೆಂದರೆ ಅಕ್ಟೋಬರ್ ಕೊನೆಯಿಂದ ಡಿಸೆಂಬರ್. ಮಳೆ ನಿಂತಿರುತ್ತದೆ, ಹಳ್ಳ ಹರಿಯುತ್ತಿರುತ್ತದೆ. ಜುಲೈನಲ್ಲಿ ಮೇಲೆಲ್ಲೋ ಮಳೆ ಸುರಿದರೆ ಮೊಣಕಾಲಿನ ನೀರು ಅರ್ಧ ತಾಸಿನೊಳಗೆ ಸೊಂಟಕ್ಕೆ ಬಂದೀತು. ಆಗ ನೀರಿನ ಬಣ್ಣ ನೋಡುತ್ತಿರಬೇಕು: ತಿಳಿನೀರು ಕೆಂಪಾಗಿ ತರಗೆಲೆ ತೇಲಿಬಂತೆಂದರೆ ತಡಮಾಡದೆ ದಂಡೆ ಹತ್ತುವುದು. ಜನವರಿಯಿಂದ ಮೇವರೆಗೆ ನಾನು ಯಾರನ್ನೂ ಒಯ್ಯುವುದಿಲ್ಲ, ಕಾರಣ ಕೊನೆಗೆ ಹೇಳುತ್ತೇನೆ.

ಉಂಬಳದ, ಅಂದರೆ ಕಾಡಿನ ನೆಲದ ಜಿಗಣೆಯ, ಬಗ್ಗೆ ಎಲ್ಲರಿಗೂ ಒಂದೊಂದು ಮದ್ದು ಗೊತ್ತು. ನಶ್ಯ, ಉಪ್ಪು, ಸುಣ್ಣ, ಡೆಟಾಲ್. ಇಲ್ಲಿ ನಾನು ಯಾವುದನ್ನೂ ಹಚ್ಚಿಸುವುದಿಲ್ಲ. ನಮ್ಮ ದಾರಿ ಹಳ್ಳದೊಳಗೇ ಹೋಗುವುದರಿಂದ ಹಚ್ಚಿದ್ದೆಲ್ಲ ಹತ್ತು ನಿಮಿಷಕ್ಕೆ ತೊಳೆದು ನೀರು ಸೇರುತ್ತದೆ, ಮತ್ತು ಕಪ್ಪೆಗಳು ಆ ನೀರನ್ನು ಚರ್ಮದಿಂದಲೇ ಹೀರಿಕೊಳ್ಳುತ್ತವೆ. ಒತ್ತಾಗಿ ನೇಯ್ದ ದಪ್ಪ ಹತ್ತಿ ಬಟ್ಟೆಯಲ್ಲಿ ಮೊಣಕಾಲುದ್ದದ ಚೀಲ ಹೊಲಿಸಿಟ್ಟಿದ್ದೇನೆ. ಪ್ಯಾಂಟನ್ನು ಒಳಗೆ ತೂರಿಸಿ, ಚೀಲದ ಬಾಯಿಯನ್ನು ಮೊಣಕಾಲ ಕೆಳಗೆ ಲಾಡಿಯಿಂದ ಬಿಗಿದು, ಮೇಲೆ ಶೂ. ಅಂಗಡಿಯ ಹೆಣೆದ ಸಾಕ್ಸು ಪ್ರಯೋಜನವಿಲ್ಲ, ಮರಿ ಉಂಬಳ ಅದರ ಕಣ್ಣಲ್ಲೇ ನುಸುಳುತ್ತದೆ. ಗಮ್‌ಬೂಟೂ ಬೇಡ, ನೀರು ತುಂಬಿದರೆ ಕಾಲೆತ್ತಲಾಗದು.

ಹತ್ತಿತೆಂದರೆ ಎಳೆಯಬೇಡಿ, ಸುಡಬೇಡಿ. ಸಪೂರ ತುದಿಯೇ ಬಾಯಿ. ಚರ್ಮಕ್ಕೆ ಒತ್ತಿ ಉಗುರನ್ನು ಅದರಡಿಗೆ ಜಾರಿಸಿದರೆ ಬಿಡುತ್ತದೆ, ಆಮೇಲೆ ದಪ್ಪ ತುದಿ. ಉಪ್ಪು ಹಾಕಿದರೆ, ಬೆಂಕಿ ತಾಗಿಸಿದರೆ ಹೊಟ್ಟೆಯಲ್ಲಿರುವುದನ್ನು ಗಾಯಕ್ಕೇ ಕಾರೀತು. ರಕ್ತ ಹೆಪ್ಪುಗಟ್ಟದಂತೆ ಅದು ಬಿಡುವ ರಸದಿಂದ ಗಾಯ ತಾಸುಗಟ್ಟಲೆ ಒಸರುವುದುಂಟು. ಹತ್ತಿ ಒತ್ತಿ ಪಟ್ಟಿ ಕಟ್ಟಿದರೆ ಸಾಕು. ರಕ್ತ ತೆಳುವಾಗುವ ಮಾತ್ರೆ ತಿನ್ನುವವರು ಮಾತ್ರ ಮೊದಲೇ ತಿಳಿಸಬೇಕು.

ಜಡ್ಡಿಯೇ ಈ ದಿನದ ಮುಖ್ಯ ಭಾಗ. ವರ್ಷವಿಡೀ ನೀರು ನಿಲ್ಲುವ ಕೆಸರಿನಲ್ಲಿ ಗಾಳಿ ಇರುವುದಿಲ್ಲ. ಅದಕ್ಕೇ ಜಿಮ್ನಾಕ್ರಾಂತೆರಾ ಕನಾರಿಕಾ ಎಂಬ ಮರದ ಬೇರು ಕೆಸರಿನಿಂದ ಮೇಲೆದ್ದು, ಮಡಚಿದ ಮೊಣಕಾಲಿನಂತೆ ಬಾಗಿ, ಮತ್ತೆ ಒಳಗಿಳಿಯುತ್ತದೆ. ಉಸಿರಾಟ ಆ ಬಾಗಿನ ಮೂಲಕ. ಅದರ ನೆಂಟ ಮಿರಿಸ್ಟಿಕಾ ಮ್ಯಾಗ್ನಿಫಿಕಾ ಕಾಂಡದಿಂದಲೇ ಊರುಗೋಲಿನ ಬೇರು ಬಿಡುತ್ತದೆ. ಎರಡೂ ಜಾಯಿಕಾಯಿಯ ಕುಟುಂಬದವು. ಬಂದವರೆಲ್ಲ ಆ ಬಾಗುಬೇರಿನ ಮೇಲೇ ಕಾಲಿಡುತ್ತಾರೆ, ಮೆಟ್ಟಿಲಿನ ಹಾಗೆ ಕಾಣುತ್ತದಲ್ಲ! ಪಾಚಿಗೆ ಜಾರಿ ಪಾದ ತಿರುಚುತ್ತದೆ, ಶೂ ಉಜ್ಜಿ ತೊಗಟೆಯೂ ಸುಲಿಯುತ್ತದೆ. ಕೆಸರು ತುಳಿದರೆ ಇನ್ನೂ ಕಷ್ಟ. ಈ ಮರಗಳ ಬೀಜ ಒಣಗಿದರೆ ಸತ್ತಂತೆಯೇ, ಉದುರಿದಲ್ಲೇ ಬೇಗ ಮೊಳೆಯಬೇಕು; ಆ ಸಸಿಗಳು ನಿಮ್ಮ ಹೆಜ್ಜೆಯಡಿಯಲ್ಲೇ ಇರುತ್ತವೆ. ಆದ್ದರಿಂದ ಹಳ್ಳದ ಮರಳು, ಕಲ್ಲುಗಳ ಮೇಲೆ ಒಬ್ಬರ ಹಿಂದೆ ಒಬ್ಬರು. ಜಡ್ಡಿಯೊಳಗೆ ಇಳಿಯುವುದಿಲ್ಲ, ಅಂಚಿನಲ್ಲಿ ಮುಕ್ಕಾಲು ತಾಸು ಕೂರುತ್ತೇವೆ.

ಮಳೆಗಾಲದಲ್ಲಿ ಬಂದವರಿಗೆ ನೀರಿನ ಮೇಲೆ ಚಾಚಿದ ಕಡ್ಡಿಗಳನ್ನು ನೋಡಲು ಹೇಳುತ್ತೇನೆ. ಕೆಲವದಕ್ಕೆ ಹಸಿ ಮಣ್ಣು ಮೆತ್ತಿರುತ್ತದೆ. ಅದು ಕುಂಬಾರ ಕಪ್ಪೆಯ ಕೆಲಸ: ಹೆಣ್ಣು ಮೊಟ್ಟೆ ಅಂಟಿಸಿ ಹೋದ ಮೇಲೆ ಗಂಡು ಹಳ್ಳದ ಕೆಸರನ್ನು ಕೈಯಲ್ಲಿ ತಂದು ಬಳಿಯುತ್ತದೆ. ವಿಜ್ಞಾನಿಗಳು ಇದನ್ನು ಹೊಸ ಪ್ರಭೇದವೆಂದು ಹೆಸರಿಸಿದ್ದು 2014ರಲ್ಲಿ. ಮಣ್ಣು ಕೆರೆದು ನೋಡುವ ಆಸೆ ಮಕ್ಕಳಿಗಿಂತ ದೊಡ್ಡವರಿಗೇ ಹೆಚ್ಚು. ಹಗಲಲ್ಲಿ ಕಪ್ಪೆ ಕಾಣುವುದು ಅಪರೂಪ.

ಸಿಂಗಳೀಕ ಕಂಡೇ ಕಾಣುತ್ತದೆಂದು ನಾನು ಭರವಸೆ ಕೊಡುವುದಿಲ್ಲ. ನೆಲಕ್ಕೆ ಇಳಿಯುವುದು ಕಡಿಮೆ. ಕಚ್ಚಿ ಬಿಸಾಡಿದ ಹಣ್ಣು ಮೇಲಿಂದ ಬೀಳುತ್ತಿದ್ದರೆ ನಿಂತು ಕಾಯುತ್ತೇನೆ; ಉಪ್ಪಾಗೆ ಹಣ್ಣಾಗುವ ಕಾಲದಲ್ಲಿ ಆ ಮರದ ಸುತ್ತ ಸಾಧ್ಯತೆ ಹೆಚ್ಚು. ತಿಂಡಿ ಮಾತ್ರ ಎಸೆಯಕೂಡದು. ರಸ್ತೆ ಬದಿಯಲ್ಲಿ ಕೈಯೊಡ್ಡಲು ಕಲಿತ ಮಂಗ ವಾಹನಕ್ಕೆ ಸಿಗುತ್ತದೆ.

ಜಾರಿದಾಗ ಕೈಗೆ ಸಿಕ್ಕ ಕೊಂಬೆ ಹಿಡಿಯುವುದು ಇಲ್ಲಿ ಅಪಾಯ. ಹೊಲಗೇರು ಮರದ ಸೊನೆ ತಾಗಿದರೆ ಚರ್ಮ ಬೊಬ್ಬೆ ಏಳುತ್ತದೆ. ಗುಳಿಮಂಡಲ ಹಾವು ಕೈಯೆತ್ತರದ ಟೊಂಗೆಯಲ್ಲಿ ದಿನಗಟ್ಟಲೆ ಅಲುಗದೆ ಕೂರುತ್ತದೆ. ನಮ್ಮ ಆಸ್ಪತ್ರೆಗಳಲ್ಲಿರುವ ಮದ್ದು ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲಗಳ ವಿಷಕ್ಕೆ ಮಾಡಿದ್ದು, ಇದಕ್ಕೆ ಅದನ್ನು ನೆಚ್ಚುವಂತಿಲ್ಲ. ಎಲ್ಲರಿಗೂ ಒಂದೊಂದು ಬಿದಿರ ಕೋಲು ಕೊಡುತ್ತೇನೆ, ಆಸರೆಗೆ ಅದೇ.

ಎರಡು ಲೀಟರ್ ನೀರು, ಚಪಾತಿ, ಬಾಳೆಹಣ್ಣು, ಓಆರ್‌ಎಸ್ ಪೊಟ್ಟಣ, ಛತ್ರಿ, ಬೇಗ ಒಣಗುವ ಬಟ್ಟೆ. ಜೀನ್ಸ್ ಬೇಡವೇ ಬೇಡ. ಸಿಗ್ನಲ್ ನಂಬಬೇಡಿ, ದಟ್ಟ ಮರದಡಿ ಜಿಪಿಎಸ್ ಕೂಡ ಹತ್ತಾರು ಮೀಟರ್ ಆಚೀಚೆ ತೋರಿಸುತ್ತದೆ. ಎಲ್ಲಿದ್ದರೂ ಸರಿ, ಒಂದು ಗಂಟೆಗೆ ವಾಪಸ್ ತಿರುಗುವುದು.

ಇನ್ನು ಜನವರಿಯ ಮಾತು. ತರಗೆಲೆ ಒಣಗಿದಂತೆ ಉಂಬಳ ಮರೆಯಾಗಿ ಉಣುಗು (ರಕ್ತ ಹೀರುವ ಉಣ್ಣೆ) ಹೆಚ್ಚುತ್ತದೆ. 1957ರಲ್ಲಿ ಸೊರಬದ ಕ್ಯಾಸನೂರಿನಲ್ಲಿ ಗುರುತಿಸಿದ ಮಂಗನ ಕಾಯಿಲೆ ಸಿದ್ದಾಪುರದಲ್ಲೂ ಇದೆ, ಹರಡುವುದು ಇದೇ ಉಣುಗಿನ ಮರಿಯಿಂದ. ನವೆಂಬರಿನಲ್ಲೇ ಅದರ ಕಾಲ ಶುರುವಾಗುತ್ತದೆ. ಆಗ ಬಂದವರನ್ನು ತರಗೆಲೆ ಮೇಲೆ ಕೂರಿಸುವುದಿಲ್ಲ, ಬಂಡೆಯೇ ಆಸನ. ಮಂಗ ಸತ್ತುಬಿದ್ದದ್ದು ಕಂಡರೆ ಅಲ್ಲಿಂದಲೇ ಹಿಂದಿರುಗಿ ಆರೋಗ್ಯ ಕೇಂದ್ರಕ್ಕೆ ತಿಳಿಸುತ್ತೇನೆ. ಮನೆಗೆ ಹೋದವರು ಬಟ್ಟೆಯನ್ನು ಬಿಸಿನೀರಿಗೆ ಹಾಕಿ, ಸೋಪು ಹಚ್ಚಿ ಸ್ನಾನ ಮಾಡಿ, ಕಂಕುಳು, ತೊಡೆಸಂದು, ಕಿವಿಯ ಹಿಂದೆ ಬೆರಳಾಡಿಸಿ ನೋಡಬೇಕು. ಮರಿ ಉಣುಗು ಎಳ್ಳಿಗಿಂತ ಸಣ್ಣದು. ಮೂರರಿಂದ ಎಂಟು ದಿನದೊಳಗೆ ಜೋರು ಜ್ವರ, ತಲೆನೋವು ಬಂದರೆ ವೈದ್ಯರಿಗೆ ಮೊದಲು ಹೇಳಬೇಕಾದ್ದು ಕಾಡಿಗೆ ಹೋಗಿಬಂದ ತಾರೀಖು.