ದಂಬೆ ಸೋರುತ್ತಿದೆಯಾ? ಹೊರಗೆ ಮೆತ್ತಬೇಡಿ, ಒಳಗೆ ಕೆರೆಯಿರಿ

ಮಾಡಿನ ಅಂಚಿನಲ್ಲಿ ಮಳೆನೀರು ಹಿಡಿದು ಸಾಗಿಸುವ ದಂಬೆ ಸೋರಿದ ಕೂಡಲೇ ಹೆಚ್ಚಿನವರು ಒಂದು ಸಿಲಿಕಾನ್ ಟ್ಯೂಬ್ ತಂದು, ಹನಿ ಬೀಳುವ ಜಾಗಕ್ಕೆ ಕೆಳಗಿನಿಂದ ಮೆತ್ತಿಬಿಡುತ್ತಾರೆ. ಒಂದು ಮಳೆ ತಡೆಯುತ್ತದೆ. ಎರಡನೇ ಮಳೆಗೆ ಅದು ಚಕ್ಕೆ ಎದ್ದು ಜೋತಾಡುತ್ತಿರುತ್ತದೆ. ನಾನೂ ಹಾಗೇ ಮಾಡಿದ್ದೆ, ಅದೂ ಎರಡು ಸಲ. ನೀರು ಹರಿಯುವುದು ಒಳಗೆ ಅಲ್ವಾ? ಒಳಗಿನಿಂದ ಮುಚ್ಚಿದರೆ ನೀರಿನ ಭಾರವೇ ಅಂಟನ್ನು ಒತ್ತಿ ಹಿಡಿಯುತ್ತದೆ, ಹೊರಗಿನಿಂದ ಮೆತ್ತಿದರೆ ಅದೇ ನೀರು ತಳ್ಳಿ ಕಿತ್ತುಹಾಕುತ್ತದೆ.

ಮೊದಲು ಕಸ ತೆಗೆಯಿರಿ. ಏಣಿ ಗೋಡೆಗೆ ಒರಗಲಿ, ದಂಬೆಗಲ್ಲ. ನಾಲ್ಕು ಅಡಿ ಎತ್ತರಕ್ಕೆ ಬುಡ ಒಂದು ಅಡಿ ಆಚೆ ಇರಲಿ, ಕೆಳಗೆ ಒಬ್ಬರು ಹಿಡಿದುಕೊಂಡಿರಲಿ. ಎಷ್ಟೋ ಸಲ ಕೆಲಸ ಇಲ್ಲಿಗೇ ಮುಗಿಯುತ್ತದೆ, ಯಾಕೆಂದರೆ ಇಳಿಪೈಪಿನ ಬಾಯಿಗೆ ಎಲೆ ಕಟ್ಟಿಕೊಂಡು ನೀರು ತುಂಬಿ ಚೆಲ್ಲುತ್ತಿರುತ್ತದೆ ಅಷ್ಟೆ, ತೂತೇ ಇರುವುದಿಲ್ಲ.

ಆಮೇಲೆ ಎತ್ತರದ ತುದಿಯಿಂದ ಚೊಂಬಿನಲ್ಲಿ ನಿಧಾನಕ್ಕೆ ನೀರು ಬಿಡಿ. ಪೈಪ್ ಹಿಡಿದು ಜೋರಾಗಿ ಬಿಟ್ಟರೆ ಎಲ್ಲಾ ಕಡೆ ಒದ್ದೆಯಾಗಿ ಏನೂ ಗೊತ್ತಾಗುವುದಿಲ್ಲ. ಹನಿ ಬೀಳುವ ಕಡೆಯೇ ತೂತು ಅಂದುಕೊಳ್ಳಬೇಡಿ, ನೀರು ಹೊರಮೈಗೆ ಅಂಟಿಕೊಂಡು ಒಂದಡಿ ಜಾರಿ ಬೀಳುವುದೂ ಉಂಟು. ಗುರುತು ಹಾಕಿಕೊಳ್ಳಿ. ಒಂದೇ ಕಡೆ ನೀರು ನಿಂತರೆ ಇಳಿಜಾರು ಕೆಟ್ಟಿದೆ ಎಂದರ್ಥ. 10 ಅಡಿಗೆ ಕಾಲು ಇಂಚು ಇಳಿಜಾರು ಬರುವಂತೆ ಕ್ಲಾಂಪ್ ಎತ್ತಿ ಕಟ್ಟಿ.

ಈಗ ಬಂತು ಎಲ್ಲರೂ ಹಾರಿಸುವ ಕೆಲಸ. ಹಳೆ ಸಿಲಿಕಾನ್ ಮೇಲೆ ಹೊಸದು ಸರಿಯಾಗಿ ಹಿಡಿಯುವುದಿಲ್ಲ, ಎಷ್ಟೇ ದುಬಾರಿಯದ್ದಾದರೂ ಅಷ್ಟೆ. ಬ್ಲೇಡಿನಿಂದ ಪೂರ್ತಿ ಕೆರೆದು ತೆಗೆಯಿರಿ. ತಗಡಿನ ದಂಬೆಯಾದರೆ ತುಕ್ಕನ್ನು ವೈರ್ ಬ್ರಷ್‌ನಿಂದ ಉಜ್ಜಿ, ಸ್ಯಾಂಡ್‌ಪೇಪರ್ ಆಡಿಸಿ, ಸ್ಪಿರಿಟ್ ಹಚ್ಚಿದ ಬಿಳಿ ಬಟ್ಟೆಯಿಂದ ಒರೆಸಿ. ಬಟ್ಟೆ ಕಪ್ಪಾಗುವುದು ನಿಲ್ಲುವವರೆಗೂ ಒರೆಸುತ್ತಲೇ ಇರಬೇಕು. ಜಾಯಿಂಟಿನ ಸಂದಿಯಲ್ಲಿ ನೀರು ಅಡಗಿ ಕೂತಿರುತ್ತದೆ, ಮೇಲೆ ಮುಟ್ಟಿದರೆ ಒಣಗಿದ ಹಾಗೇ ಇರುತ್ತದೆ. ಒಂದು ದಿನ ಬಿಸಿಲು ಕಾಯಲು ಬಿಡಿ, ಅವಸರವಿದ್ದರೆ ಕೂದಲು ಒಣಗಿಸುವ ಡ್ರೈಯರ್ ಹಿಡಿಯಿರಿ.

ಹಚ್ಚುವಾಗ ವಿನೆಗರ್ ವಾಸನೆಯ ಸಿಲಿಕಾನ್ ಬೇಡ. ಅದು ಒಣಗುವಾಗ ಬಿಡುವ ಆಮ್ಲ ತಗಡಿನ ಸತುವಿನ ಲೇಪವನ್ನೇ ತಿನ್ನುತ್ತದೆ. ನ್ಯೂಟ್ರಲ್ ಕ್ಯೂರ್ ಅಂತ ಬರೆದಿರುವುದನ್ನೇ ಕೇಳಿ. ಸಂದಿಯುದ್ದಕ್ಕೂ ಒಂದೇ ಎಳೆ ಬಿಟ್ಟು, ಸೋಪುನೀರಿನಲ್ಲಿ ಅದ್ದಿದ ಬೆರಳಿನಿಂದ ಒತ್ತಿ ಸವರಿ. ದಪ್ಪ ಹಚ್ಚಿದರೆ ಗಟ್ಟಿ ಅನ್ನುವುದು ಸುಮ್ನೆ ಮಾತು, ಅದು ನೀರಿಗೆ ಅಡ್ಡ ಕಟ್ಟೆಯಾಗುತ್ತದೆ.

ದೊಡ್ಡ ತೂತಿಗೆ ಅದೇ ಲೋಹದ ತುಂಡು ಹಾಕಿ, ಸುತ್ತಲೂ ಎರಡು ಇಂಚು ಜಾಸ್ತಿ ಇರಲಿ. ಅಲ್ಯೂಮಿನಿಯಂ ದಂಬೆಗೆ ತಾಮ್ರದ ತೇಪೆ ಹಾಕಿದರೆ ಅಲ್ಯೂಮಿನಿಯಂ ಬೇಗ ಸವೆಯುತ್ತದೆ. ಅಂಟುಟೇಪ್ ಬಗ್ಗೆ ಕೇಳಲೇಬೇಡಿ, ಅದು ರಾತ್ರಿ ಮಳೆಯಲ್ಲಿ ಬೆಳಗಿನವರೆಗೆ ಕಾಯಲಿಕ್ಕೆ ಮಾತ್ರ.

ಪಿವಿಸಿ ದಂಬೆಯಾದರೆ ಅಂಟಿಗಿಂತ ಮೊದಲು ಜಾಯಿಂಟಿನ ರಬ್ಬರ್ ನೋಡಿ. ನಾಲ್ಕು ಮೀಟರ್ ಪಿವಿಸಿ 30 ಡಿಗ್ರಿ ಬಿಸಿ ಏರಿದರೆ ಸುಮಾರು 7 ಮಿಲಿಮೀಟರ್ ಹಿಗ್ಗುತ್ತದೆ, ಆ ರಬ್ಬರ್ ಇರುವುದೇ ಅದಕ್ಕೆ. ಅಲ್ಲಿ ಸಾಲ್ವೆಂಟ್ (ಪಿವಿಸಿ ಪೈಪು ಅಂಟಿಸುವ ಅಂಟು) ಹಾಕಿ ಬಿಗಿ ಮಾಡಿದರೆ ಬಿಸಿಲಿಗೆ ಬೇರೆ ಕಡೆ ಸೀಳುತ್ತದೆ. ರಬ್ಬರ್ ಬದಲಿಸಿ, ಅಷ್ಟೇ ಸಾಕು.

ಸಿಲಿಕಾನ್ ಹಚ್ಚಿದ್ದರೆ 24 ಗಂಟೆ ಮುಟ್ಟಬೇಡಿ. ಮರುದಿನ ಮತ್ತೆ ಅದೇ ಚೊಂಬು ಹಿಡಿದು ಏಣಿ ಹತ್ತಿ.