ಖಗೋಳ ವಿಜ್ಞಾನದ ಮೊದಲ ಕೋರ್ಸ್‌ಗೆ ಓದುವ ಸಾಮಗ್ರಿ ಸಿದ್ಧಪಡಿಸಿಕೊಳ್ಳುವುದು ಹೇಗೆ?

ಪದವಿ ತರಗತಿಯಲ್ಲಿ ಖಗೋಳ ವಿಜ್ಞಾನವನ್ನು ಐಚ್ಛಿಕ ವಿಷಯವಾಗಿ ಆರಿಸಿಕೊಂಡವರು ಸಾಮಾನ್ಯವಾಗಿ ಮೊದಲು ಹುಡುಕುವುದು ಸಿದ್ಧ ಟಿಪ್ಪಣಿಗಳನ್ನು. ಆದರೆ ಬೇರೆಯವರ ಟಿಪ್ಪಣಿ ಎಷ್ಟೇ ಅಚ್ಚುಕಟ್ಟಾಗಿದ್ದರೂ, ಆಕಾಶವನ್ನು ಸ್ವತಃ ನೋಡಿ ಬರೆದಿಟ್ಟುಕೊಂಡ ಪುಸ್ತಕದಷ್ಟು ಅದು ಒದಗಿ ಬರುವುದಿಲ್ಲ.

ಮೂಲಪಠ್ಯವೊಂದು ಬೇಕೇ ಬೇಕು. ಅಮೆರಿಕದ ರೈಸ್ ವಿಶ್ವವಿದ್ಯಾಲಯದ ಓಪನ್‌ಸ್ಟ್ಯಾಕ್ಸ್ ಯೋಜನೆಯು 2016ರಲ್ಲಿ ಹೊರತಂದ ‘ಅಸ್ಟ್ರಾನಮಿ’ ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತದೆ. ಅದರ 30 ಅಧ್ಯಾಯಗಳನ್ನು ಓದಲು ಸರಳ ಬೀಜಗಣಿತ ಸಾಕು. ಜೊತೆಗೆ, ಆಯಾ ಊರಿನ ಆಕಾಶವನ್ನು ಪರದೆಯ ಮೇಲೆ ತೋರಿಸುವ ಸ್ಟೆಲೇರಿಯಂ ಎಂಬ ಉಚಿತ ತಂತ್ರಾಂಶದಲ್ಲಿ ನಿಮ್ಮ ಊರನ್ನು ನಮೂದಿಸಿಟ್ಟುಕೊಳ್ಳಿ.

ಇನ್ನು ವೀಕ್ಷಣೆಯ ಪುಸ್ತಕ. ಮನೆಯ ತಾರಸಿಯ ಮೇಲೆ ನಿಲ್ಲುವ ಜಾಗಕ್ಕೆ ಸೀಮೆಸುಣ್ಣದಿಂದ ಗುರುತು ಹಾಕಿ, ಪಶ್ಚಿಮಕ್ಕಿರುವ ಕಟ್ಟಡದ ಅಂಚಿನ ಹಿಂದೆ ಪ್ರಕಾಶಮಾನವಾದ ನಕ್ಷತ್ರವೊಂದು ಮರೆಯಾಗುವ ಸಮಯವನ್ನು ಬರೆದುಕೊಳ್ಳಿ. ಆರಿಸಿದ್ದು ಗ್ರಹವಾಗಿರದಂತೆ ಎಚ್ಚರ ವಹಿಸಬೇಕು. ಮರುದಿನ ಅದೇ ಗುರುತಿನ ಮೇಲೆ ನಿಂತು ನೋಡಿದರೆ ನಕ್ಷತ್ರ ಸುಮಾರು 4 ನಿಮಿಷ ಮೊದಲೇ ಮರೆಯಾಗುತ್ತದೆ. ವಾರ ಕಳೆಯುವಷ್ಟರಲ್ಲಿ ವ್ಯತ್ಯಾಸ 27 ನಿಮಿಷ ದಾಟುತ್ತದೆ. ಭೂಮಿ ತನ್ನ ಸುತ್ತ ಒಂದು ಸುತ್ತು ಮುಗಿಸುವಷ್ಟರಲ್ಲಿ ಸೂರ್ಯನ ಸುತ್ತಲೂ ಸುಮಾರು 1 ಡಿಗ್ರಿ ಸಾಗಿರುವುದರಿಂದ, ಸೂರ್ಯನನ್ನು ಮತ್ತೆ ನೆತ್ತಿಯ ರೇಖೆಗೆ ತರಲು ಅದು ಇನ್ನಷ್ಟು ತಿರುಗಬೇಕಾಗುತ್ತದೆ. ನಾಕ್ಷತ್ರಿಕ ದಿನಕ್ಕೂ (ನಕ್ಷತ್ರ ಮತ್ತೆ ಅದೇ ಜಾಗಕ್ಕೆ ಬರುವ ಅವಧಿ) ಸೌರ ದಿನಕ್ಕೂ (ಸೂರ್ಯ ಹಾಗೆ ಬರುವ ಅವಧಿ) ಇರುವ ಈ ಅಂತರ ಕಂಠಪಾಠ ಮಾಡಿದವರಿಗೆ ಮರೆತುಹೋಗಬಹುದು, ಗಡಿಯಾರ ಹಿಡಿದು ಅಳೆದವರಿಗೆ ಮರೆಯುವುದಿಲ್ಲ.

ಚಂದ್ರನನ್ನು ದಾಖಲಿಸಲು ಕ್ಯಾಲೆಂಡರಿನಲ್ಲಿರುವ ಪಂಚಾಂಗವೇ ಒಳ್ಳೆಯ ಆಧಾರ. ಕೈಯನ್ನು ನೇರವಾಗಿ ಚಾಚಿದಾಗ ಮುಷ್ಟಿಯ ಅಗಲ ಸುಮಾರು 10 ಡಿಗ್ರಿ, ಕಿರುಬೆರಳಿನದು ಸುಮಾರು 1 ಡಿಗ್ರಿ. ಹೀಗೆ ಅಳೆಯುತ್ತ ಹೋದರೆ ಚಂದ್ರ ನಕ್ಷತ್ರಗಳ ನಡುವೆ ದಿನಕ್ಕೆ ಸುಮಾರು 13 ಡಿಗ್ರಿ ಪೂರ್ವಕ್ಕೆ ಸರಿಯುವುದು ಕಾಣುತ್ತದೆ. 27 ನಕ್ಷತ್ರಗಳ ಲೆಕ್ಕ ಬಂದದ್ದೂ ಈ ಚಲನೆಯಿಂದಲೇ.

ಸೂತ್ರಗಳಿಗೆ ಪ್ರತ್ಯೇಕ ಹಾಳೆ ಇಟ್ಟು, ಪ್ರತಿಯೊಂದರ ಕೆಳಗೂ ಒಂದೊಂದು ಲೆಕ್ಕ ಬಿಡಿಸಿರಬೇಕು. ಉದಾಹರಣೆಗೆ, ಆಲ್ಫಾ ಸೆಂಟಾರಿ ನಕ್ಷತ್ರದ ದೃಗ್‌ಭೇದ (ಭೂಮಿ ಸೂರ್ಯನನ್ನು ಸುತ್ತುವಾಗ ನಕ್ಷತ್ರ ಸರಿದಂತೆ ಕಾಣುವ ಕೋನದ ಅರ್ಧ) ಸುಮಾರು 0.75 ಕೋನ ಸೆಕೆಂಡು (ಒಂದು ಕೋನ ಸೆಕೆಂಡು ಎಂದರೆ ಡಿಗ್ರಿಯ 3,600ರಲ್ಲಿ ಒಂದು ಭಾಗ). 1ನ್ನು ಅದರಿಂದ ಭಾಗಿಸಿದರೆ ದೂರ ಪಾರ್ಸೆಕ್ ಎಂಬ ಮಾನದಲ್ಲಿ ಸಿಗುತ್ತದೆ: 1.33 ಪಾರ್ಸೆಕ್, ಅಂದರೆ ಸುಮಾರು 4.3 ಜ್ಯೋತಿರ್ವರ್ಷ ದೂರ.

ವಿದ್ಯಾರ್ಥಿಗಳು ಹೆಚ್ಚು ತಡವರಿಸುವುದು ಹರ್ಟ್ಸ್‌ಪ್ರಂಗ್-ರಸೆಲ್ ನಕ್ಷೆಯಲ್ಲಿ, ಅಂದರೆ ಅಡ್ಡ ಅಕ್ಷದಲ್ಲಿ ನಕ್ಷತ್ರಗಳ ಮೇಲ್ಮೈ ತಾಪಮಾನವನ್ನೂ ಲಂಬ ಅಕ್ಷದಲ್ಲಿ ಅವು ಸೂಸುವ ಬೆಳಕಿನ ಪ್ರಮಾಣವನ್ನೂ ಗುರುತಿಸುವ ನಕ್ಷೆಯಲ್ಲಿ. ಅಚ್ಚಾದ ಚಿತ್ರವನ್ನು ಅಂಟಿಸಿಕೊಳ್ಳುವ ಬದಲು ಖಾಲಿ ಅಕ್ಷಗಳನ್ನು ಎಳೆದು, ಚಳಿಗಾಲದ ರಾತ್ರಿ ಮಹಾವ್ಯಾಧ (ಓರಿಯನ್) ನಕ್ಷತ್ರಪುಂಜವನ್ನು ನೋಡಿ ಬಂದ ಮೇಲೆ ತುಂಬಿಸಿ. ಅದರಲ್ಲಿರುವ ಕೆಂಪು ಛಾಯೆಯ ಆರ್ದ್ರಾ (ಬೀಟಲ್‌ಜ್ಯೂಸ್) ಸುಮಾರು 3,500 ಕೆಲ್ವಿನ್, ನೀಲಿ-ಬಿಳಿ ರೈಜೆಲ್ ಸುಮಾರು 12,000 ಕೆಲ್ವಿನ್, ನಮ್ಮ ಸೂರ್ಯ ಸುಮಾರು 5,800 ಕೆಲ್ವಿನ್. ಆರ್ದ್ರಾ ಸೂರ್ಯನಿಗಿಂತ ತಂಪಾಗಿದ್ದರೂ ಗಾತ್ರದಲ್ಲಿ ಅತಿ ದೊಡ್ಡದಾಗಿದ್ದು ಹೆಚ್ಚು ಬೆಳಕು ಸೂಸುವುದರಿಂದ ನಕ್ಷೆಯ ಮೇಲ್ತುದಿಯಲ್ಲಿ, ಬಲಗಡೆ ಬರುತ್ತದೆ. ಇಲ್ಲಿ ತಾಪಮಾನ ಏರುವುದು ಬಲದಿಂದ ಎಡಕ್ಕೆ. ಅಕ್ಷದ ಕೆಳಗೆ ಕೆಂಪು ಶಾಯಿಯಲ್ಲಿ ಒಂದು ಬಾಣದ ಗುರುತು ಹಾಕಿಟ್ಟುಕೊಳ್ಳಿ.