ಗಲ್ ಗುರುತಿಸಲು ರೆಕ್ಕೆಯ ತುದಿ ಸಾಕು

ಚಳಿಗಾಲದಲ್ಲಿ ಮಲ್ಪೆ ಕಡೆ ಮೀನಿನ ಬೋಟುಗಳ ಬೆನ್ನಿಗೇ ಗಲ್ ಎಂಬ ಕಡಲ ಹಕ್ಕಿಗಳ ಹಿಂಡು ಬರುತ್ತದೆ. ಕಂದುತಲೆಯ ಗಲ್, ಕಪ್ಪುತಲೆಯ ಗಲ್ ಎರಡೂ ಒಟ್ಟಿಗೇ ಹಾರುತ್ತಿರುತ್ತವೆ. ಆಗ ಎರಡರ ತಲೆಯೂ ಬಿಳಿ. ಕಣ್ಣಿನ ಹಿಂದೆ ಒಂದು ಮಸಿ ಚುಕ್ಕೆ, ಅಷ್ಟೇ. ಹಾಗಾಗಿ ನಾನು ತಲೆ ನೋಡುವುದನ್ನೇ ಬಿಟ್ಟಿದ್ದೇನೆ.

ಕಡಲಿಗೆ ಮುಖ ಮಾಡಿ ನಿಲ್ಲುವುದಾದರೆ ಬೆಳಗ್ಗೆಯೇ ಹೋಗಬೇಕು, ಬಿಸಿಲು ಬೆನ್ನಿಗಿರುತ್ತದೆ. ಮಧ್ಯಾಹ್ನ ದಾಟಿದರೆ ಹಕ್ಕಿಗಳೆಲ್ಲ ಬರೀ ಕಪ್ಪು ಆಕೃತಿಗಳು. ಕ್ಯಾಮೆರಾದ ಶಟರ್ ವೇಗವನ್ನು 1/2000 ಸೆಕೆಂಡಿಗೆ ಇಟ್ಟು, ರೆಕ್ಕೆ ಪೂರ್ತಿ ಬಿಚ್ಚಿದ ಗಳಿಗೆಗೆ ಕಾಯುತ್ತೇನೆ. ಬೆಳೆದ ಕಂದುತಲೆಯದರ ರೆಕ್ಕೆಯ ತುದಿ ಅಗಲಕ್ಕೆ ಕಪ್ಪು, ಆ ಕಪ್ಪಿನೊಳಗೆ ಎದ್ದು ಕಾಣುವ ಬಿಳಿ ಮಚ್ಚೆ. ಕಪ್ಪುತಲೆಯದಕ್ಕೆ ರೆಕ್ಕೆಯ ಮುಂದಿನ ಅಂಚಿನುದ್ದಕ್ಕೂ ಬಿಳಿ ಪಟ್ಟೆ, ಕಪ್ಪು ತುದಿಯಂಚಿಗೆ ಮಾತ್ರ. ಇದು ಒಮ್ಮೆ ಕಣ್ಣಿಗೆ ಹತ್ತಿತೆಂದರೆ ಕ್ಯಾಮೆರಾವೂ ಬೇಡ.

ಮರಳಿನ ಮೇಲೆ ಕೂತವುಗಳಲ್ಲಿ ಕಣ್ಣು ನೋಡುತ್ತೇನೆ. ಕಂದುತಲೆಯದರ ಕಣ್ಣು ಬಿಳಿಚು, ಸ್ವಲ್ಪ ಸಿಟ್ಟಿನ ನೋಟ. ಇನ್ನೊಂದರದು ಕಪ್ಪು, ಪಾಪದ ಮುಖ. ಆದರೆ ಮೊದಲ ಚಳಿಗಾಲದ ಮರಿಗಳಲ್ಲಿ ಈ ಗುರುತು ನಂಬುವಂತಿಲ್ಲ, ಕಂದುತಲೆಯ ಮರಿಗೂ ಕಣ್ಣು ಕಪ್ಪಾಗಿಯೇ ಇರುತ್ತದೆ. ಬಾಲದ ತುದಿಯಲ್ಲಿ ಕಪ್ಪು ಪಟ್ಟಿ ಕಂಡರೆ ಮರಿ ಎಂದುಕೊಂಡು, ಅದು ಹಾರುವವರೆಗೆ ಕಾಯುವುದೇ ಸರಿ. ಕಂದುತಲೆಯ ಮರಿಗೆ ಬಿಳಿ ಮಚ್ಚೆ ಇನ್ನೂ ಮೂಡಿರುವುದಿಲ್ಲ, ತುದಿ ಪೂರಾ ಕಪ್ಪು.

ಗಾತ್ರವನ್ನು ನಾನು ಕೊನೆಗೆ ಇಟ್ಟುಕೊಳ್ಳುತ್ತೇನೆ. ಕಂದುತಲೆಯದು ಸುಮಾರು 42 ಸೆಂ.ಮೀ., ಕೊಂಚ ದಪ್ಪ ಕೊಕ್ಕು. ಪಕ್ಕದಲ್ಲೇ ಇನ್ನೊಂದು ನಿಂತರೆ ಮಾತ್ರ ವ್ಯತ್ಯಾಸ ತಿಳಿಯುತ್ತದೆ.

ಮಾರ್ಚ್ ಹೊತ್ತಿಗೆ ತಲೆಗೆ ಬಣ್ಣ ಬರತೊಡಗುತ್ತದೆ. ಕಂದುತಲೆಯದಕ್ಕೆ ಹಾಲು ಹೆಚ್ಚಾದ ಕಾಫಿಯ ಬಣ್ಣ, ಕತ್ತಿನ ಅಂಚಿನಲ್ಲಿ ಮಾತ್ರ ಗಾಢ. ಕಪ್ಪುತಲೆಯದೂ ನಿಜಕ್ಕೆ ಕಪ್ಪಲ್ಲ, ಗಾಢ ಕಂದು. ಆ ವೇಷ ಪೂರ್ತಿಯಾಗುವಷ್ಟರಲ್ಲಿ ಅವು ಹೊರಟೇಬಿಡುತ್ತವೆ. ಕಂದುತಲೆಯ ಗಲ್ ಗೂಡು ಕಟ್ಟುವುದು ಕಡಲಿನಿಂದ ಬಹುದೂರ, ಲಡಾಖ್, ಟಿಬೆಟ್ ಕಡೆಯ ಎತ್ತರದ ಸರೋವರಗಳಲ್ಲಿ. ಅಂಥದ್ದೊಂದು ಸರೋವರವಾದ ಸೋ ಮೊರಿರಿ ಇರುವುದು 4,500 ಮೀಟರ್ ಎತ್ತರದಲ್ಲಿ. ನಮ್ಮ ಬೋಟುಗಳ ಹಿಂದೆ ಮೀನಿನ ಚೂರಿಗೆ ಕಿತ್ತಾಡುವ ಹಕ್ಕಿ ಇದೇ ಎಂದರೆ ಜೊತೆಗೆ ಬಂದವರು ನಂಬುವುದಿಲ್ಲ.

ದೊಡ್ಡ ಗಲ್‌ಗಳ ತಲೆನೋವು ಬೇರೆಯೇ. ಅವುಗಳ ಗರಿ ಪ್ರಾಯಕ್ಕೆ ಬರಲು ನಾಲ್ಕು ವರ್ಷ ಬೇಕು, ವರ್ಷಕ್ಕೊಂದು ರೂಪ. ಅವನ್ನು ಸದ್ಯಕ್ಕೆ ಫೋಟೊ ತೆಗೆದು ‘ದೊಡ್ಡ ಗಲ್’ ಎಂದಷ್ಟೇ ಬರೆದಿಡುತ್ತೇನೆ.